ಹತ್ತನೆಯ ತಟ್ಟೆ

ಚಿಕ್ಕನಿಂಗಮ್ಮ ಕುರ್ಚಿಯಲ್ಲಿ ಕುಳಿತು ಪಾಠ ಹೇಳಿದ್ದನ್ನು ಕಂಡವರಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಅರೆಕಾಲಿಕ ಅಧ್ಯಾಪಕಿಯಾಗಿದ್ದಾಗಲೂ ಅಷ್ಟೇ, ಮುಂದೆ ಮೈಸೂರಿನ ವಿಶ್ವವಿದ್ಯಾನಿಲಯದ ರೇಷ್ಮೆ ವಿಭಾಗಕ್ಕೆ ಹೋದ ಮೇಲೂ ಅಷ್ಟೇ. ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಸೀಮೆಸುಣ್ಣದ ತುಂಡನ್ನು ಬೆರಳುಗಳ ನಡುವೆ ಉರುಳಿಸುತ್ತ, ಒಂದು ಮಾತು ಮುಗಿಯುವ ಮುಂಚೆ ಇನ್ನೊಂದಕ್ಕೆ ಕೈಹಾಕುತ್ತ ಇರುತ್ತಿದ್ದಳು. ಹುಡುಗರು ಅವಳಿಗೆ 'ನಾಲ್ಕನೇ ಜ್ವರ ಎದ್ದ ಹುಳ' ಎಂದು ಅಡ್ಡಹೆಸರಿಟ್ಟಿದ್ದರು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಲಗಿ, ಹಳೆಯ ಚರ್ಮ ಕಳಚಿ ಏಳುತ್ತದೆ. ಆ ಮಲಗುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಸುಳ್ಳೇನಲ್ಲವಲ್ಲ ಎಂದು ಸುಮ್ಮನಾಗಿದ್ದಳು.

ಧನಗೆರೆಯ ದೊಡ್ಡಸಿದ್ದಯ್ಯನ ಮೂರನೆಯ ಮಗಳು ಅವಳು. ಅರ್ಧ ಎಕರೆ ಹಿಪ್ಪುನೇರಳೆ ತೋಟ, ಒಂದು ನಾಡಹೆಂಚಿನ ಮನೆ. ವರ್ಷಕ್ಕೆ ಐದು ಬೆಳೆ ಹುಳು ಆ ಮನೆಯೊಳಗೇ ಆಗಬೇಕು. ಹುಳು ದೊಡ್ಡದಾದ ವಾರದಲ್ಲಿ ನಡುಮನೆಯನ್ನೆಲ್ಲ ಬಿದಿರ ತಟ್ಟೆಗಳಿಗೆ ಬಿಟ್ಟುಕೊಟ್ಟು ಮನೆಮಂದಿ ಜಗಲಿಗೆ ಬರುತ್ತಿದ್ದರು. ೧೯೮೩ರಲ್ಲಿ ಅವಳು ರೇಷ್ಮೆ ವಿಜ್ಞಾನದ ಎಂ.ಎಸ್‌ಸಿ.ಯನ್ನು ಮೊದಲನೆಯ ದರ್ಜೆಯಲ್ಲಿ ಮುಗಿಸಿ ಬಂದಾಗ ದೊಡ್ಡಸಿದ್ದಯ್ಯ ಕೇಳಿದ್ದು ಒಂದೇ ಮಾತು: "ಹುಳ ಸಾಕಕ್ಕ ಹದಿನೇಳು ವರ್ಸ ಓದ್ಬೇಕಾಗಿತ್ತಾ ಕೂಸು? ನಿಮ್ಮವ್ವ ಓದ್ದೆನೇ ಸಾಕ್ತಾವ್ಳಲ್ಲ."

ಅದಕ್ಕೆ ಉತ್ತರ ಹುಡುಕುವ ಆತುರದಲ್ಲೇ ಮುಂದಿನ ಹತ್ತು ವರ್ಷ ಕಳೆದವು ಎಂದರೂ ಸರಿಯೆ. ವಾರಕ್ಕೆ ಆರು ದಿನ ಕಾಲೇಜಿನಲ್ಲಿ ಪಾಠ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗುವುದು, ಬೇಕಾದ ಲೇಖನಗಳನ್ನು ಕೈಯಲ್ಲೇ ನಕಲು ಮಾಡಿಕೊಳ್ಳುವುದು, ಭಾನುವಾರ ಸಂಜೆಯ ಬಸ್ಸಿಗೆ ಹಿಂದಿರುಗುವುದು. ಹೀಗೆ ತುಂಬಿದ ನೋಟುಪುಸ್ತಕಗಳೇ ಒಂದು ಟ್ರಂಕು ಆದವು. ಪ್ರೊಫೆಸರ್ ಮಹದೇವಪ್ರಸಾದರು ಆ ಟ್ರಂಕನ್ನು ಕಂಡೇ ಅವಳನ್ನು ಪಿಎಚ್‌.ಡಿ.ಗೆ ಸೇರಿಸಿಕೊಂಡರೆಂದು ವಿಭಾಗದಲ್ಲಿ ಹೇಳುತ್ತಿದ್ದರು. ಅವರು ಯಳಂದೂರಿನವರು. ಮಿತಭಾಷಿ, ಕೆಂಪು ಪೆನ್ಸಿಲ್ಲಿನ ಮನುಷ್ಯ. ಅವಳ ಪ್ರಬಂಧದ ಮೊದಲ ಅಧ್ಯಾಯವನ್ನು ಏಳು ಸಲ ಬರೆಸಿದರು. ಏಳನೆಯ ಸಲ ಓದಿ, "ಈಗ ಪರವಾಗಿಲ್ಲ, ಆರನೆಯದೇ ಚೆನ್ನಾಗಿತ್ತೋ ಏನೋ" ಎಂದರು.

ನಡುವೆ ಕೊಳ್ಳೇಗಾಲದಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ಕುಮಾರಸ್ವಾಮಿಯೊಡನೆ ಮದುವೆಯಾಯಿತು. ೧೯೯೧ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯ ಹುದ್ದೆಯೂ ಸಿಕ್ಕಿತು. ಸೋಮವಾರ ಬೆಳಗಿನ ಬಸ್ಸಿಗೆ ಹೋದರೆ ಶುಕ್ರವಾರ ರಾತ್ರಿ ಮನೆ. ಹೊಸಬಳೆಂದು ಎಲ್ಲರೂ ಬೇಡವೆಂದ ಕೆಲಸಗಳೆಲ್ಲ ಅವಳ ಮೇಲೆ ಬಿದ್ದವು: ಮಧ್ಯಾಹ್ನ ಮೂರು ಗಂಟೆಯ ತರಗತಿ, ಪ್ರಯೋಗಾಲಯದ ಬೀಗದ ಕೈ, ಶಿಬಿರಕ್ಕೆ ಹೋದ ಹುಡುಗರ ಅಡುಗೆಯ ಉಸ್ತುವಾರಿ. ಎಲ್ಲವನ್ನೂ ಮಾಡಿದಳು. ದಿನಚರಿಯ ಮೊದಲ ಪುಟದಲ್ಲಿ ಪ್ರತಿ ವರ್ಷ 'ಎರಡು ಲೇಖನ' ಎಂದು ಬರೆದುಕೊಳ್ಳುತ್ತಿದ್ದಳು. ಡಿಸೆಂಬರಿನಲ್ಲಿ ಎರಡು ಆಗಿದ್ದರೆ, ಮೂರು ಏಕೆ ಆಗಲಿಲ್ಲವೆಂಬ ಚಿಂತೆ ಹತ್ತುತ್ತಿತ್ತು.

ಅವಳಿಗೆ ಹೆಸರು ತಂದುಕೊಟ್ಟದ್ದು ೧೯೯೪ರ ಲೇಖನ. ಆಗ ಹನೂರು ಕಡೆಯ ಕಾಡಂಚಿನ ಹಳ್ಳಿಗಳಿಗೆ ಸರ್ಕಾರದವರು ಹೊಸ ತಳಿಯ ಮೊಟ್ಟೆ ಕೊಡಲು ಆರಂಭಿಸಿ ಎರಡು ವರ್ಷವಾಗಿತ್ತು. ಹಳೆಯ ಹುಳು ಕಟ್ಟುವುದು ಹಳದಿ ಗೂಡು, ಹೊಸದು ಬಿಳಿಯ ಗೂಡು. ಬಿಳಿ ಗೂಡಿಗೆ ಬೆಲೆ ಹೆಚ್ಚು. ಆದರೆ ಆ ಸೀಮೆಯ ಬಿಸಿಲಿಗೆ ಅದು ತಡೆಯುತ್ತದೆಯೆ? ಇದನ್ನು ಮನೆಮನೆಗೆ ಹೋಗಿ ನೋಡಿದವರು ಇರಲಿಲ್ಲ. ನೋಡುವುದು ಸುಲಭವೂ ಅಲ್ಲ. ಹುಳು ಸಾಕುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣು ತಾಗುತ್ತದೆ, ಹುಳು ಮೇವು ಬಿಡುತ್ತದೆ ಎನ್ನುತ್ತಾರೆ. ಆಫೀಸಿನವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದ ಸಂಖ್ಯೆ ಹೇಳಿ ಕಳಿಸುತ್ತಾರೆ.

ಚಿಕ್ಕನಿಂಗಮ್ಮ ಹೊರಗಿನವಳಲ್ಲ. ಅವಳ ಸೋದರತ್ತೆ ರಾಚಮ್ಮನನ್ನು ಕೊಟ್ಟದ್ದು ಆ ಹಳ್ಳಿಗಳಲ್ಲೊಂದಾದ ಶಾಗ್ಯಕ್ಕೆ. ಅತ್ತೆಯ ಬೆನ್ನ ಹಿಂದೆ ಇಪ್ಪತ್ನಾಲ್ಕು ಮನೆಗಳ ಒಳಕೋಣೆಗೆ ಹೋದಳು. ಕಾಲು ತೊಳೆದು, ತಲೆಗೆ ಸೆರಗು ಹೊದ್ದು, ಎಷ್ಟು ಮೊಟ್ಟೆ ಒಡೆದವು, ಕೊನೆಗೆ ಎಷ್ಟು ಗೂಡಾದವು ಎಂದು ಆ ಎರಡು ವರ್ಷವೂ ಬರೆದುಕೊಂಡಳು. ನೂರು ಹುಳು ಹುಟ್ಟಿದರೆ ಹಳದಿಯಲ್ಲಿ ಎಂಬತ್ತನಾಲ್ಕು ಗೂಡು ಕಟ್ಟುತ್ತಿದ್ದವು, ಬಿಳಿಯಲ್ಲಿ ಎಪ್ಪತ್ತೆರಡೇ. ಕಾಡಂಚಿನ ಹಳ್ಳಿಗಳಿಗೆ ಹೊಸ ತಳಿ ಹೊಂದುವುದಿಲ್ಲವೆಂದು ಬರೆದಳು. ಮಹದೇವಪ್ರಸಾದರು ಕೆಂಪು ಪೆನ್ಸಿಲ್ಲಿನಿಂದ ತಿದ್ದಿ, ಅವಳ ಹೆಸರಿನ ಜೊತೆಗೆ ತಮ್ಮ ಹೆಸರನ್ನೂ ಸೇರಿಸಿದರು. ಲೇಖನ ಪ್ರಕಟವಾಯಿತು. ಎರಡು ವಿಚಾರ ಸಂಕಿರಣಗಳಿಗೆ ಕರೆ ಬಂತು. ಒಂದು ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ಅವಳ ಹೆಸರು ಕಾಣಿಸಿತು. ಆ ಪುಟವನ್ನು ಕುಮಾರಸ್ವಾಮಿ ಬ್ಯಾಂಕಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿ ಬಂದ.

೧೯೯೭ರಲ್ಲಿ ವಿಭಾಗದಲ್ಲಿ ಒಂದು ರೀಡರ್ ಹುದ್ದೆ ಖಾಲಿಯಾಯಿತು. ಅಧ್ಯಾಪಕಿಯಿಂದ ಮೇಲಿನ ಮೆಟ್ಟಿಲು ಅದು. ಅರ್ಜಿ ಹಾಕಿದವರಲ್ಲಿ ಮುಖ್ಯರಾದವರು ಇಬ್ಬರೇ, ಅವಳು ಮತ್ತು ಎರಡು ವರ್ಷ ಕಿರಿಯನಾದ ಶಂಕರ್. ಅವಳ ಬಳಿ ಆ ಲೇಖನವಿತ್ತು. ಶಂಕರನ ಬಳಿ ಅಂಥದ್ದು ಇರಲಿಲ್ಲ. ಸಂದರ್ಶನ ಜುಲೈ ಹನ್ನೊಂದಕ್ಕೆ ಎಂದು ಪತ್ರ ಬಂದ ದಿನದಿಂದ ಅವಳಿಗೆ ಊಟ ಸೇರಲಿಲ್ಲ. ಹುದ್ದೆ ಸಿಕ್ಕಿದ ಹಾಗೆಯೇ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಚಡಪಡಿಕೆ ಇನ್ನೂ ಹೆಚ್ಚಾಯಿತು.

ಜೂನ್ ನಡುವಿನಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿನಿ ಲಕ್ಷ್ಮಿದೇವಿಯನ್ನು ಕರೆದುಕೊಂಡು ಅವಳು ಶಾಗ್ಯಕ್ಕೆ ಹೋದಳು. ಲಕ್ಷ್ಮಿದೇವಿ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಹುಳುವನ್ನು ಪ್ರಯೋಗಾಲಯದ ಗಾಜಿನ ಬಟ್ಟಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಆ ಸಲ ರಾಚಮ್ಮ ಯಳಂದೂರಿನ ಬೀಗರ ಕಡೆಯಿಂದ ಐವತ್ತು ಬಿಳಿ ಮೊಟ್ಟೆ ತರಿಸಿ ಸಾಕುತ್ತಿದ್ದಳು. ಐವತ್ತು ಮೊಟ್ಟೆಯೆಂದರೆ ಐವತ್ತು ಚಿಟ್ಟೆಗಳು ಇಟ್ಟ ಮೊಟ್ಟೆ, ಸುಮಾರು ಇಪ್ಪತ್ತು ಸಾವಿರ ಹುಳು.

"ಯಳಂದೂರಿಂದ ಯಾಕ್ ತರಿಸ್ದೆ ಅತ್ತೆ? ಇಲ್ಲೇ ಕೊಡ್ತಿದ್ರಲ್ಲ?" ಎಂದಳು ಚಿಕ್ಕನಿಂಗಮ್ಮ, ಕಾಲು ತೊಳೆಯುತ್ತ.

"ಎಲ್ಲವ್ವ ಕೊಡ್ತರು? ನಿಂತೋಗಿ ಎರಡು ವರ್ಸಾಯ್ತು. ಅದ್ಯಾರೊ ಮೈಸೂರಲ್ಲಿ ಪುಸ್ತಕ ಬರ್ದವ್ರಂತ, ಕಾಡಂಚಿನೋರ್ಗ ಬಿಳಿ ಹುಳ ಆಗಕಿಲ್ಲ ಅಂತ. ಅವರ ಕೈ ಸೇದೋಗ. ನಾವು ಸಾಕಿದ್ದ ಅವರು ಬಂದು ಕಂಡಿದ್ರಾ?"

ಆ ಶಾಪ ಯಾರಿಗೆಂದು ತಿಳಿದ ಲಕ್ಷ್ಮಿದೇವಿ ಮೇಡಂ ಮುಖ ನೋಡಿದಳು. ಮೇಡಂ ಚೊಂಬಿನಲ್ಲಿ ಉಳಿದ ನೀರನ್ನೂ ಕಾಲಿಗೆ ಸುರಿದುಕೊಂಡು ಒಳಗೆ ನಡೆದಳು.

ಕೋಣೆಯಲ್ಲಿ ಒಂಬತ್ತು ತಟ್ಟೆಗಳು ಅಟ್ಟಣೆಯ ಮೇಲೆ ಒಂದರ ಮೇಲೊಂದಿದ್ದವು. ಹುಳು ನಾಲ್ಕನೆಯ ಜ್ವರ ಎದ್ದು ಎರಡು ದಿನವಾಗಿತ್ತು. ಚಿಕ್ಕನಿಂಗಮ್ಮ ಒಂದೊಂದು ತಟ್ಟೆಯನ್ನೂ ತೋರಿಸುತ್ತ, ಕಾಯಿಲೆಯ ಹುಳು ಹೇಗಿರುತ್ತದೆ, ಎಣಿಸುವಾಗ ತಟ್ಟೆಯನ್ನು ನಾಲ್ಕು ಪಾಲು ಮಾಡುವುದು ಹೇಗೆ ಎಂದು ಹೇಳಿಕೊಟ್ಟಳು. ಲಕ್ಷ್ಮಿದೇವಿ ಬರೆದುಕೊಂಡಳು. ಬರೆದು ಮುಗಿಸಿ ಮೂಲೆಯ ಕಡೆ ಕೈ ತೋರಿದಳು.

"ಮೇಡಂ, ಅದು?"

"ಯಾವುದು?"

"ಆ ದೀಪದ ಗೂಡಿನ ಕೆಳಗೆ, ಬಟ್ಟೆ ಮುಚ್ಚಿದೆಯಲ್ಲ, ಆ ತಟ್ಟೆ. ಅದರಲ್ಲೂ ಹುಳ ಇದಾವೆ. ಅದನ್ನು ಬರ್ಕೊಳ್ಳಲಿಲ್ಲ ನಾವು."

"ಅದು ಮಾದಪ್ಪನ ಮೀಸಲು. ಅದನ್ನ ಎಣಿಸಲ್ಲ," ಎಂದಳು ಚಿಕ್ಕನಿಂಗಮ್ಮ. ಎಷ್ಟು ಸಹಜವಾಗಿ ಹೇಳಿದಳೆಂದರೆ, ಮಾತು ಬಾಯಿಂದ ಹೊರಬಿದ್ದು ಒಂದು ಕ್ಷಣ ಕಳೆದ ಮೇಲೆ ತಾನೇನು ಹೇಳಿದೆನೆಂಬುದು ಅವಳಿಗೆ ಕೇಳಿಸಿತು.

ಮೀಸಲು ಅವಳಿಗೆ ತಿಳಿಯದ್ದಲ್ಲ. ಮನೆಗೆ ಹೊಸದು ಏನೇ ಬರಲಿ, ಈದ ಹಸುವಿನ ಮೊದಲ ಹಾಲೋ ಹೊಸ ರಾಗಿಯೋ, ಮೊದಲ ಪಾಲು ಬೆಟ್ಟದ ದೇವರು ಮಾದಪ್ಪನಿಗೆ. ಹೊಸ ತಳಿಯ ಹುಳುವಿಗೂ ಹಾಗೆಯೇ. ಎರಡನೆಯ ಜ್ವರ ಎದ್ದಾಗ ಮನೆಯ ಹಿರಿಯಳು ಹತ್ತರಲ್ಲಿ ಒಂದು ಪಾಲನ್ನು, ಅದೂ ಚುರುಕಾದ ಹುಳುಗಳನ್ನೇ ಆರಿಸಿ, ಬೇರೆ ತಟ್ಟೆಗೆ ಬಿಡುತ್ತಾಳೆ. ಮೊದಲ ಸೊಪ್ಪು ಅದಕ್ಕೆ. ಅದನ್ನು ಎಣಿಸುವುದಿಲ್ಲ, ತೂಗುವುದಿಲ್ಲ. ಅದರ ಗೂಡನ್ನು ಬೇರೆಯಾಗಿ ಮಾರಿ ಬಂದದ್ದನ್ನು ಬೆಟ್ಟಕ್ಕೆ ಕಟ್ಟಿಡುತ್ತಾರೆ. ಧನಗೆರೆಗೆ ಹೊಸ ತಳಿ ಬಂದಾಗಲೆಲ್ಲ ಅಜ್ಜಿ ಹಾಗೆ ಮಾಡುತ್ತಿದ್ದುದನ್ನು ಚಿಕ್ಕನಿಂಗಮ್ಮ ನೂರು ಸಲ ಕಂಡಿದ್ದಳು. ಕಂಡೂ ಕಂಡೂ ಆ ತಟ್ಟೆ ಅವಳ ಕಣ್ಣಿಗೆ ತಟ್ಟೆಯಾಗಿಯೇ ಉಳಿದಿರಲಿಲ್ಲ. ದೇವರಮನೆಯ ದೀಪವನ್ನು ಮನೆಯ ದೀಪಗಳ ಜೊತೆ ಯಾರು ಎಣಿಸುತ್ತಾರೆ?

"ಅತ್ತೆ, ಹಳದಿ ಹುಳಕ್ಕೂ ಮೀಸಲು ಇಡ್ತೀಯ?"

"ಅದ್ಕ್ಯಾಕವ್ವ? ಅದರ ಮೀಸಲು ನಮ್ಮತ್ತ ಕಾಲಕ್ಕೆ ತೀರ್ತು. ಹೊಸ ಹುಳಕ್ಕ ಮೂರು ವರ್ಸ ಮಡಗ್ಬೇಕು. ಮೂರು ವರ್ಸ ತುಂಬಕ್ಕ ಮುಂಚೇನೇ ಆ ಪುಸ್ತಕದೋನು ಮೊಟ್ಟ ನಿಲ್ಲುಸ್ಬುಟ್ಟ. ಅದ್ಕೇ ಈಗ ಮತ್ತ ಮಡಗಿವ್ನಿ."

"ನಾನು ಆವಾಗ ಬರ್ಕೊಳ್ಳೋಕೆ ಬಂದಾಗಲೂ ಇಟ್ಟಿದ್ರಾ? ಎಲ್ಲ ಮನೇಲೂ?"

"ಮಡಗದೆ ಇದ್ದಾರಾ? ನೀನೇ ಒಂದ್ಸಲ ಅದ್ಕ ಸೊಪ್ಪಾಕ್ದಲ್ಲ, ನಾನು ತೋಟಕ್ಕೋಗಿದ್ದಾಗ."

ಹಾಕಿದ್ದಳು. ನೆನಪಾಯಿತು. ಕೈತೊಳೆದು ಸೊಪ್ಪು ಹಾಕಿ, ಬಟ್ಟೆ ಮುಚ್ಚಿ, ಈಚೆ ಬಂದು ಉಳಿದ ಒಂಬತ್ತು ತಟ್ಟೆಗಳ ಲೆಕ್ಕ ಬರೆದಿದ್ದಳು. ಹುಟ್ಟಿದ ಹುಳುಗಳ ಎಣಿಕೆಯಲ್ಲಿ ಮೀಸಲಿನವೂ ಸೇರಿದ್ದವು, ಗೂಡುಗಳ ಎಣಿಕೆಯಲ್ಲಿ ಸೇರಿರಲಿಲ್ಲ. ಮಾದಪ್ಪನಿಗೆ ಬಿಟ್ಟ ಹುಳುಗಳೆಲ್ಲ ಅವಳ ಪುಸ್ತಕದಲ್ಲಿ ಸತ್ತ ಹುಳುಗಳಾಗಿದ್ದವು. ಬೇರೆ ಊರಿನವಳಾಗಿದ್ದರೆ ಮೊದಲನೆಯ ದಿನವೇ ಅದೇನೆಂದು ಕೇಳುತ್ತಿದ್ದಳು. ಒಳಗಿನವಳಾದುದರಿಂದಲೇ ಕೇಳಲಿಲ್ಲ.

ಆ ಮಧ್ಯಾಹ್ನ ಲಕ್ಷ್ಮಿದೇವಿಯನ್ನು ಅತ್ತೆಯ ಬಳಿ ಬಿಟ್ಟು ಅವಳು ಬಿಸಿಲಿನಲ್ಲಿ ಏಳು ಮನೆ ತಿರುಗಿದಳು. ಎಲ್ಲ ಕಡೆಯೂ ಅದೇ ಉತ್ತರ, ಅದೇ ನಗು. "ನಿನಗ ಗೊತ್ತಿಲ್ದೇ ಇದ್ದದ್ದಾ ನಿಂಗಿ? ನೀ ಕೇಳ್ನಿಲ್ಲ, ನಾವೇಳ್ನಿಲ್ಲ" ಎಂದಳು ಏಳನೆಯ ಬಾಗಿಲಲ್ಲಿ ಒಬ್ಬ ಮುದುಕಿ. ಎಂಟನೆಯ ಮನೆಗೆ ಅವಳು ಹೋಗಲಿಲ್ಲ.

ಮರುದಿನ ವಿಭಾಗದಲ್ಲಿ ಮಹದೇವಪ್ರಸಾದರು ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಅವರ ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು.

"ಒಂದು ತಟ್ಟೆ," ಎಂದರು.

"ಹತ್ತರಲ್ಲಿ ಒಂದು ಸಾರ್. ವ್ಯತ್ಯಾಸ ಇದ್ದದ್ದೇ ಹನ್ನೆರಡು."

"ಖಚಿತವಾಗಿ ಗೊತ್ತೇನು? ಯಾರಾದರೂ ಆ ತಟ್ಟೆಯನ್ನು ಎಣಿಸಿದ್ದಾರೆಯೆ?"

"ಇಲ್ಲ ಸಾರ್."

"ಹಾಗಾದರೆ ನಿನ್ನ ಹತ್ತಿರ ಇರುವುದು ಅನುಮಾನ, ತಿದ್ದುಪಡಿಯಲ್ಲ. ಸಂದರ್ಶನ ಮುಗಿಯಲಿ ನಿಂಗಮ್ಮ. ಆಮೇಲೆ ನಿಧಾನವಾಗಿ ಎಣಿಸು, ನಿಧಾನವಾಗಿ ಬರೆ. ತಿದ್ದುಪಡಿ ಎಲ್ಲಿಗೆ ಓಡಿಹೋಗುತ್ತದೆ?"

"ಶಾಗ್ಯದೋರಿಗೆ ಎರಡು ವರ್ಷದಿಂದ ಬಿಳಿ ಮೊಟ್ಟೆ ಸಿಕ್ಕಿಲ್ಲ ಸಾರ್. ನಮ್ಮ ಲೇಖನ ನೋಡಿ ನಿಲ್ಲಿಸಿದ್ದಾರೆ."

"ಎರಡು ವರ್ಷ ನಿಂತದ್ದು ಇನ್ನೊಂದು ತಿಂಗಳು ನಿಲ್ಲುತ್ತದೆ." ಅವರು ಕನ್ನಡಕ ಹಾಕಿಕೊಂಡರು. "ಆ ಲೇಖನದಲ್ಲಿ ನಿನ್ನ ಹೆಸರೊಂದೇ ಇಲ್ಲ ಎಂಬುದು ನೆನಪಿರಲಿ."

ಅದು ಗದರಿಕೆಯಾಗಿರಲಿಲ್ಲ. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಗುರುಗಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ಮೋಸವೂ ಇರಲಿಲ್ಲ. ಒಂದು ತಿಂಗಳು, ಅಷ್ಟೇ. ಆ ವಾರವೆಲ್ಲ ಅವಳು ಒಂದು ಕಡೆ ನಿಲ್ಲಲಾರದೆ ಹೋದಳು. ಪಾಠದ ನಡುವೆ ಮಾತು ಮರೆತಳು. ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು ಹರಿದಳು, ಮತ್ತೆ ಬರೆದು ಮತ್ತೆ ಹರಿದಳು. ಶುಕ್ರವಾರ ಮನೆಗೆ ಬಂದವಳು ತಟ್ಟೆಗೆ ಬಡಿಸಿಕೊಂಡು ಎದ್ದುಹೋಗಿ ಹಿತ್ತಲಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕುಮಾರಸ್ವಾಮಿ ಚೀಲ ಹಿಡಿದು ನಿಂತಿದ್ದ. ಮೈಸೂರಿನ ಬಸ್ಸು ಒಂದು ಹೊರಟುಹೋಯಿತು. ಅವಳು ಹತ್ತಲಿಲ್ಲ.

"ಹೋಗಲ್ವಾ ಇವತ್ತು?" ಎಂದ ಅವನು.

"ಮುಂದಿನದಕ್ಕೆ ಹೋಗ್ತೀನಿ."

ಮುಂದಿನದೂ ಬಂದು ಹೋಯಿತು.

"ನೋಡು," ಎಂದ ಕುಮಾರಸ್ವಾಮಿ, "ನಮ್ಮ ಬ್ಯಾಂಕಲ್ಲಿ ಒಂದು ರೂಪಾಯಿ ತಾಳೆ ಬರದೆ ಇದ್ರೆ ಮ್ಯಾನೇಜರು ಯಾರನ್ನೂ ಮನೆಗೆ ಬಿಡಲ್ಲ. ನೀನು ಮನೆಗೆ ಬಂದಿದ್ರೂ ಇನ್ನೂ ಅಲ್ಲೇ ಇದ್ದೀಯ. ರೀಡರ್ ಆದ್ಮೇಲೆ ಎಣಿಸಿದ್ರೆ ಆಗ ಸಮಾಧಾನ ಆಗುತ್ತಾ?"

"ರೀಡರ್ ಆದ್ಮೇಲೆ ಎಣಿಸ್ತೀನಿ ಅನ್ನೋದೇ ನನಗೆ ಖಾತ್ರಿ ಇಲ್ಲ," ಎಂದಳು ಅವಳು. ತನ್ನ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ, ಅವನ ಕೈಯಿಂದ ಚೀಲ ತೆಗೆದುಕೊಂಡು, ಎದುರಿಗೆ ನಿಂತಿದ್ದ ಹನೂರು ಬಸ್ಸನ್ನು ಹತ್ತಿದಳು.

ರಾಚಮ್ಮನ ಮನೆಯಲ್ಲಿ ಹುಳುಗಳೆಲ್ಲ ಹಣ್ಣಾಗಿ, ಎಂದರೆ ನೂಲು ಬಿಡುವ ಹದಕ್ಕೆ ಬಂದು, ಚಂದ್ರಿಕೆ ಸೇರಿದ್ದವು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿಯಾಗಿ ಹೆಣೆದ ದೊಡ್ಡ ಚಾಪೆ. ಇನ್ನು ಮೂರು ದಿನಕ್ಕೆ ಗೂಡು ಬಿಡಿಸಬೇಕು. ಚಿಕ್ಕನಿಂಗಮ್ಮ ಮೀಸಲಿನ ಗೂಡನ್ನು ಎಣಿಸಬೇಕೆಂದಾಗ ರಾಚಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು.

"ನಿನಗೇನು ಬುದ್ಧಿ ನೆಟ್ಟಗದಾ? ಮಾದಪ್ಪನ್ದ ಎಣಿಸ್ತಾರಾ? ನಿಮ್ಮಪ್ಪನ್ನ ಕೇಳ್ದ?"

"ಅತ್ತೆ, ಆ ಪುಸ್ತಕ ಬರ್ದವಳು ನಾನೇ."

ರಾಚಮ್ಮ ಮೊರದಲ್ಲಿದ್ದ ಹುರುಳಿಯನ್ನು ಒಮ್ಮೆ ಕೇರಿದಳು. "ಕೈ ಸೇದೋಗ ಅಂದ್ಬುಟ್ನಲ್ಲ," ಎಂದಳು ಕೊನೆಗೆ.

"ಅಂದದ್ದು ಸರಿಯಾಗೇ ಇತ್ತು ಬಿಡು. ಮೀಸಲು ಬಿಟ್ಟು ಎಣಿಸಿ, ಹುಳ ಸಾಯ್ತವೆ ಅಂತ ಬರ್ದ್ಬುಟ್ಟೆ. ಈಗ ಅದನ್ನ ಸೇರಿಸಿ ಎಣಿಸಿದ್ರೆ ಮಾತ್ರ ನಿಮಗೆ ಮೊಟ್ಟೆ ಬರುತ್ತೆ."

"ಎಣಿಸು ಮತ್ತ. ನಾನೇನು ಕೈ ಇಡ್ಕಂಡಿದ್ದನಾ?"

ಚಿಕ್ಕನಿಂಗಮ್ಮ ಮೂಲೆಗೆ ಹೋದಳು. ಚಂದ್ರಿಕೆಯ ಮೇಲಿನ ಬಟ್ಟೆ ತೆಗೆದಳು. ಬಿಳಿಯ ಗೂಡುಗಳು ಒತ್ತೊತ್ತಾಗಿ ಕೂತಿದ್ದವು. ಬೆರಳು ಚಾಚಿದಳು. ಪಿಎಚ್‌.ಡಿ. ಮಾಡಿದ್ದಳು, ಒಂಬತ್ತು ಲೇಖನ ಬರೆದಿದ್ದಳು, ಆದರೂ ಬೆರಳು ಮೊದಲನೆಯ ಗೂಡನ್ನು ಮುಟ್ಟಿ 'ಒಂದು' ಎನ್ನಲಿಲ್ಲ. ಅಜ್ಜಿಯ ಮುಖ ಎದುರಿಗೆ ಬಂತು. ಹೊರಗೆ ಬಂದು ಜಗಲಿಯ ಉದ್ದಕ್ಕೂ ನಾಲ್ಕು ಸಲ ತಿರುಗಾಡಿದಳು. ರಾಚಮ್ಮ ಕಣ್ಣಂಚಿನಲ್ಲೇ ನೋಡುತ್ತಿದ್ದಳು.

"ಆಗ್ನಿಲ್ವಾ?"

"ಇಲ್ಲ ಅತ್ತೆ."

"ಆ ಪ್ಯಾಟೆ ಕೂಸ ಕರ್ಕಬಾ. ಅದ್ಕೇನು ಗೊತ್ತು? ಗೊತ್ತಿಲ್ದೋರ ಮ್ಯಾಲ ಮಾದಪ್ಪ ಮುನ್ಸ್ಕಳಕಿಲ್ಲ."

ಗುರುವಾರ ಲಕ್ಷ್ಮಿದೇವಿ ಬಂದಳು. ಮೊದಲು ಒಂಬತ್ತು ತಟ್ಟೆಗಳ ಗೂಡನ್ನು ಎಲ್ಲರೂ ಸೇರಿ ಬಿಡಿಸಿ ಎಣಿಸಿದರು. ಹದಿನಾಲ್ಕು ಸಾವಿರದ ಐನೂರು ಆಯಿತು. ಆಮೇಲೆ ಮೀಸಲಿನದು. ರಾಚಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಚಿಕ್ಕನಿಂಗಮ್ಮನನ್ನೂ ಹಾಗೆಯೇ ಕೂರಿಸಿದಳು.

"ಬಾಯಿ ಬುಟ್ಟು ಎಣಿಸ್ಬ್ಯಾಡ ಕನ ಕೂಸು. ಬರ್ಕಂಡು ಬರ್ಕಂಡು ಓಗು. ಲೆಕ್ಕವ ನಿಮ್ಮ ಮೇಡಮ್ಮಂಗ ಊರಾಚ್ಗ ಓದ್ಮ್ಯಾಲ ಏಳು."

"ಆಯ್ತು ಅಜ್ಜಿ. ಇಷ್ಟೊಂದಿದೆ, ಮಧ್ಯ ತಪ್ಪೋದ್ರೆ?"

"ತಪ್ಪಿದ್ರ ಮೊದ್ಲಿಂದ ಎಣಿಸು. ನಾನೇನು ತಿರುಕ್ಕಂಡು ನೋಡಕಿಲ್ಲ."

ಎರಡು ಗಂಟೆ ಹಿಡಿಯಿತು. ಗೋಡೆಯ ಕಡೆ ತಿರುಗಿ ಕುಳಿತ ಅತ್ತೆ ಸೊಸೆಯರು ಮದುವೆ, ಹೆರಿಗೆ, ಬಾಳೆಯ ಬೆಲೆ ಎಲ್ಲವನ್ನೂ ಮಾತಾಡಿ ಮುಗಿಸಿದರು. ಚಿಕ್ಕನಿಂಗಮ್ಮನ ಕಿವಿ ಮಾತ್ರ ಹಿಂದುಗಡೆ ಬುಟ್ಟಿಗೆ ಬೀಳುವ ಗೂಡಿನ ಸದ್ದಿನ ಮೇಲೆಯೇ ಇತ್ತು. ಸಂಜೆ ಹನೂರಿನ ಬಸ್ ನಿಲ್ದಾಣದಲ್ಲಿ ಲಕ್ಷ್ಮಿದೇವಿ ಪುಸ್ತಕ ತೆರೆದು ತೋರಿಸಿದಳು. ಸಾವಿರದ ಎಂಟುನೂರ ಎಂಬತ್ತು. ಹುಟ್ಟಿದ ಇಪ್ಪತ್ತು ಸಾವಿರಕ್ಕೆ ಹೋಲಿಸಿದರೆ, ಮೀಸಲಿಲ್ಲದೆ ನೂರಕ್ಕೆ ಎಪ್ಪತ್ತೆರಡೂವರೆ, ಮೀಸಲು ಸೇರಿಸಿದರೆ ಎಂಬತ್ತೆರಡು. ಹಳದಿ ಹುಳುವಿಗೂ ಬಿಳಿ ಹುಳುವಿಗೂ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ.

ಒಂದೇ ಮನೆಯ ಲೆಕ್ಕ ಇದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಹಳೆಯ ಲೇಖನವನ್ನು ಇನ್ನು ಯಾರೂ ನಂಬಬಾರದೆಂದು ಹೇಳಲು ಅಷ್ಟು ಸಾಕಾಗಿತ್ತು. ಜುಲೈ ಎರಡರಂದು ಸಂಪಾದಕರಿಗೆ ಒಂದು ಪುಟದ ಪತ್ರವನ್ನು ರಿಜಿಸ್ಟರ್ ಮಾಡಿದಳು. ಮೊಟ್ಟೆ ಕೊಡುವ ಕಛೇರಿಗೂ ಒಂದು ಪ್ರತಿ ಕಳಿಸಿದಳು. ಅದಕ್ಕೂ ಮುಂಚೆ ಸಹಿಗಾಗಿ ಮಹದೇವಪ್ರಸಾದರ ಮುಂದೆ ಇಟ್ಟಾಗ ಅವರು ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಮಾಡದೆ ಹಿಂದಕ್ಕೆ ಕೊಟ್ಟರು. ಪತ್ರ ಅವಳ ಹೆಸರೊಂದರಲ್ಲೇ ಹೋಯಿತು. ಅಲ್ಲಿಂದ ಮುಂದೆ ಎದುರಾದರೆ ಅವರು ತಲೆಯಾಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ಸಂದರ್ಶನದ ದಿನ ಮೇಜಿನ ಆಚೆ ಐದು ಜನ ಕುಳಿತಿದ್ದರು. ಹೊರಗಿನಿಂದ ಬಂದ ತಜ್ಞರೊಬ್ಬರು ಅವಳ ಅರ್ಜಿಯನ್ನು ತಿರುವುತ್ತ, "ಹನೂರಿನ ಕೆಲಸದ ಬಗ್ಗೆ ಹೇಳಿ. ನಾನು ಅದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ" ಎಂದರು.

"ಇನ್ನು ಓದಿಸಬೇಡಿ ಸಾರ್. ಅದರಲ್ಲಿ ತಪ್ಪಿದೆ," ಎಂದು ಅವಳು ಪತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಮೀಸಲಿನ ಕಥೆಯನ್ನು ಹೇಳಿದಳು. ಒಬ್ಬರು ನಕ್ಕರು. ಇನ್ನೊಬ್ಬರು ಗಡಿಯಾರ ನೋಡಿಕೊಂಡರು.

"ಹಾಗಾದರೆ ನಿಮ್ಮ ಅರ್ಜಿಯ ಮುಖ್ಯ ಲೇಖನವೇ ಇಲ್ಲವಾಯಿತಲ್ಲಮ್ಮ," ಎಂದರು ತಜ್ಞರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

"ಹೌದು ಸಾರ್. ಉಳಿದ ಎಂಟನ್ನು ನೋಡಬೇಕು."

ಉಳಿದ ಎಂಟು ಸಾಲಲಿಲ್ಲ. ಹುದ್ದೆ ಶಂಕರನಿಗೆ ಹೋಯಿತು. ಅವನು ಒಳ್ಳೆಯವನೇ. ಸಿಹಿ ಹಿಡಿದು ಅವಳ ಕೊಠಡಿಗೆ ಬಂದು, "ಇದು ನನಗೆ ನಿಮ್ಮ ಮಾದಪ್ಪ ಕೊಟ್ಟದ್ದು ಮೇಡಂ, ನಾನೂ ಒಂದು ಸಲ ಬೆಟ್ಟಕ್ಕೆ ಹೋಗಿಬರಬೇಕು" ಎಂದ. ಅವಳು ನಕ್ಕು ಸಿಹಿ ತೆಗೆದುಕೊಂಡಳು. ಅವನು ಹೋದ ಮೇಲೆ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದಳು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆಂದು ಕೇಳಿದ್ದಳು. ಅವಳಿಗೆ ಹಾಗೇನೂ ಆಗಲಿಲ್ಲ. ಹುದ್ದೆ ಬೇಕಾಗಿತ್ತು. ಇಂದಿಗೂ ಬೇಕು ಎನಿಸಿತು.

ದೀಪಾವಳಿಗೆ ಶಾಗ್ಯಕ್ಕೆ ಹೋದಾಗ ರಾಚಮ್ಮನಿಗೆ ಸುದ್ದಿ ಮುಟ್ಟಿತ್ತು.

"ಕೆಲ್ಸ ಓಯ್ತಂತ?"

"ಕೆಲಸ ಇದೆ ಅತ್ತೆ. ಮೇಲಿನದು ಸಿಗಲಿಲ್ಲ ಅಷ್ಟೇ."

"ಎಣಿಸ್ಬ್ಯಾಡ ಅಂತ ನಾನಂದಿ. ಆ ಕೂಸು ಎಣಿಸ್ತು, ಮಾದಪ್ಪ ನಿನ್ನ ಇಡ್ಕಂಡ. ಮುಂದ್ಲ ಬೆಳೆಗ ಎರಡು ತಟ್ಟ ಮಡಗ್ತೀನಿ, ತಪ್ಪು ಕಾಣ್ಕ ಅಂತ."

ಅದೆಲ್ಲ ಮೂಢನಂಬಿಕೆ ಎಂದು ಹೇಳಬೇಕಾದ ಅಧ್ಯಾಪಕಿ ಹಾಗೆ ಹೇಳಲಿಲ್ಲ. "ಎರಡಾದ್ರೂ ಇಡು, ಮೂರಾದ್ರೂ ಇಡು. ಎಷ್ಟಿಟ್ಟೆ ಅಂತ ನನಗೆ ಹೇಳು," ಎಂದಳು.

ಆ ಚಳಿಗಾಲಕ್ಕೆ ಕಾಡಂಚಿನ ಹಳ್ಳಿಗಳಿಗೆ ಬಿಳಿ ಮೊಟ್ಟೆ ಮತ್ತೆ ಬಂತು. ಅವಳು ಎಲ್ಲವನ್ನೂ ಮೊದಲಿನಿಂದ ಆರಂಭಿಸಿದಳು. ಈ ಸಲ ನಲವತ್ತು ಮನೆ, ಎರಡು ವರ್ಷ, ಲಕ್ಷ್ಮಿದೇವಿ ಜೊತೆಗೆ. ಮನೆಯವರೆಲ್ಲ ಗೋಡೆಯ ಕಡೆ ತಿರುಗಿ ಕುಳಿತಿರುವಾಗ ಮೀಸಲು ಎಣಿಸುವುದು ಅಲ್ಲಿ ರೂಢಿಯೇ ಆಗಿಹೋಯಿತು. ಬಂದ ಫಲ ಅವಳ ಮೊದಲ ಲೇಖನದ ಹಾಗೂ ಇರಲಿಲ್ಲ, ರಾಚಮ್ಮನ ಮನೆಯ ಲೆಕ್ಕದ ಹಾಗೂ ಇರಲಿಲ್ಲ. ಮಳೆಗಾಲ, ಚಳಿಗಾಲಗಳಲ್ಲಿ ಬಿಳಿ ಹುಳು ಹಳದಿಗೆ ಸಮ. ಬೇಸಗೆಯ ಬೆಳೆಯಲ್ಲಿ ಮಾತ್ರ ನಿಜವಾಗಿಯೂ ಸೋಲುತ್ತಿತ್ತು. ಆ ಕೆಲಸವೇ ಕಾರಣವಾಗಿ ೨೦೦೨ರಲ್ಲಿ ಅವಳು ರೀಡರ್ ಆದಳು. ಅಷ್ಟು ಹೊತ್ತಿಗೆ ಶಂಕರ್ ಅದರ ಮೇಲಿನ ಮೆಟ್ಟಿಲಿಗೆ ಅರ್ಜಿ ಹಾಕುತ್ತಿದ್ದ. ಕಳೆದ ಐದು ವರ್ಷ ಹಿಂದಕ್ಕೆ ಬರಲಿಲ್ಲ.

ಆದರೆ ಅದಕ್ಕೂ ಮುಂಚೆ, ೨೦೦೦ದ ಒಂದು ಮಧ್ಯಾಹ್ನ, ಆ ಹೊಸ ಲೇಖನದ ಕರಡನ್ನು ಹಿಡಿದು ಅವಳು ಯಳಂದೂರಿಗೆ ಹೋಗಿದ್ದಳು. ಮಹದೇವಪ್ರಸಾದರು ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದರು. ಮೂರು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಏಕೆ ಹೋಗುತ್ತಿದ್ದೇನೆಂದು ಬಸ್ಸಿನಲ್ಲಿ ಎರಡು ಸಲ ಕೇಳಿಕೊಂಡು, ಒಂದು ಸಲ ನಡುವೆಯೇ ಇಳಿದುಬಿಡಲು ಎದ್ದೂ ನಿಂತಿದ್ದಳು. ಅವರು ಬಾಗಿಲು ತೆಗೆದು, ಏನೂ ಕೇಳದೆ ಹಾಳೆಗಳಿಗಾಗಿ ಕೈ ಚಾಚಿದರು. ಪೂರ್ತಿ ಓದುವುದಕ್ಕೆ ಒಂದು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವಳು ಅಂಗಳದಲ್ಲಿ ತಿರುಗಾಡುತ್ತಿದ್ದಳು.

"ಬಾ ಇಲ್ಲಿ," ಎಂದರು. "ಬರೆದವರ ಹೆಸರಿನ ಜಾಗದಲ್ಲಿ ನಿನ್ನದು, ಆ ಹುಡುಗಿಯದು ಎರಡೇ ಇದೆ."

"ನಿಮ್ಮದು ಹಾಕಬೇಕೋ ಬೇಡವೋ ತಿಳಿಯಲಿಲ್ಲ ಸಾರ್. ಈ ಕೆಲಸದಲ್ಲಿ ನೀವು ಇರಲಿಲ್ಲ."

"ಇರಲಿಲ್ಲ, ನಿಜ. ಹಳೆಯ ಲೇಖನದಲ್ಲಿ ನನ್ನ ಹೆಸರಿದೆ. ನಿನ್ನ ತಿದ್ದುಪಡಿಯಲ್ಲಿ ಇಲ್ಲ. ಎರಡನ್ನೂ ಒಟ್ಟಿಗೆ ಓದಿದವರು, ಈ ಮುದುಕ ಸಾಯುವತನಕ ತಪ್ಪನ್ನೇ ನಂಬಿದ್ದ ಎಂದುಕೊಳ್ಳುತ್ತಾರೆ." ಅವರು ಕಿಟಕಿಯ ಕಡೆ ನೋಡಿದರು. "ಆ ದಿನ ಸಹಿ ಮಾಡಬೇಕಾಗಿತ್ತು. ಪೆನ್ನು ಕೈಯಲ್ಲೇ ಇತ್ತು."

ಅವಳು ಹೆಸರು ಸೇರಿಸುತ್ತೇನೆ ಎನ್ನಲು ಬಾಯಿ ತೆರೆದಳು. ಅವರು ಕೈ ಎತ್ತಿ ತಡೆದರು.

"ಬರೆದವರ ಸಾಲಿನಲ್ಲಿ ಬೇಡ. ಅದು ನನಗೆ ಸಲ್ಲುವುದಿಲ್ಲ. ಒಂದು ಅಡಿಟಿಪ್ಪಣಿ ಹಾಕು. ಹಿಂದಿನ ತಪ್ಪಿನಲ್ಲಿ ಇವನಿಗೂ ಪಾಲಿತ್ತು, ತಿದ್ದುವುದನ್ನು ತಡಮಾಡೆಂದು ಹೇಳಿದವನೂ ಇವನೇ ಎಂದು ಬರೆ."

"ಹಾಗೆಲ್ಲ ಬರೆಯೋಕೆ ಆಗಲ್ಲ ಸಾರ್."

"ನಿನ್ನ ಕೈಲಿ ಆಗದಿದ್ದರೆ ನಾನೇ ಬರೆಯುತ್ತೇನೆ. ಕೊಡು."

ಕೊನೆಯ ಹಾಳೆಯ ಕೆಳಗೆ ಅವರು ಮೂರು ಸಾಲು ಬರೆದರು. ಒಂದು ಪದ ಹೊಡೆದು ಬೇರೆ ಪದ ಹಾಕಿದರು. ಅಡಿಯಲ್ಲಿ ಸಹಿ ಮಾಡಿ, ಶಾಯಿ ಆರಲೆಂದು ಹಾಳೆಯನ್ನು ಎತ್ತಿ ಹಿಡಿದರು. ಅವಳು ಅದನ್ನು ತೆಗೆದುಕೊಂಡು ಓದಿದಳು. ಒಂದು ಅಕ್ಷರವನ್ನೂ ಬದಲಿಸದೆ ಉಳಿದ ಹಾಳೆಗಳ ಜೊತೆ ಚೀಲಕ್ಕೆ ಸೇರಿಸಿದಳು. ಮೂರೂವರೆಯ ಬಸ್ಸು ಸಿಕ್ಕಿದರೆ ಕೊಳ್ಳೇಗಾಲದ ಅಂಚೆ ಹೊರಡುವ ಮುಂಚೆ ತಲುಪಬಹುದಾಗಿತ್ತು.